ಉಲ್ಲನ್ ಬುಟ್ಟಿಯ ಸುತ್ತ ಹೊಸ ಬೆಕ್ಕುಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಘಟ್ಟದ ಮೇಲೆ ಚಳಿ ಬೀಳತೊಡಗಿತೆಂದರೆ ಹೆಣಿಗೆಯ ಕಡ್ಡಿಗಳು ಪೆಟ್ಟಿಗೆಯಿಂದ ಹೊರಬರುತ್ತವೆ. ಉತ್ತರ ಕನ್ನಡ ಜಿಲ್ಲೆಯಿಂದ ಈ ಸಲ ಬಂದ ಪತ್ರಗಳಲ್ಲಿ ಹಲವು, ಹಾಳಾದ ಹೆಣಿಗೆಯ ಬಗ್ಗೆಯೂ ಮನೆಗೆ ಹೊಸದಾಗಿ ಬಂದ ಬೆಕ್ಕುಗಳ ಬಗ್ಗೆಯೂ ಒಟ್ಟಿಗೇ ಕೇಳಿವೆ. ಅವುಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಶಿರಸಿ ಸಮೀಪದ ತೋಟದ ಮನೆ. ಮೊದಲಿನಿಂದಲೂ ಒಂದು ಬೆಕ್ಕಿದೆ. ಇಲಿಗಳ ಕಾಟ ಹೆಚ್ಚಿದ್ದರಿಂದ ದೀಪಾವಳಿ ಕಳೆದ ಮೇಲೆ ನೆಂಟರ ಮನೆಯಿಂದ ಎರಡು ಮರಿಗಳನ್ನು ತಂದೆವು. ಮೊಮ್ಮಗಳಿಗೆಂದು ಹೆಣೆಯುತ್ತಿದ್ದ ಸ್ವೆಟರಿನ ಬೆನ್ನಿನ ಭಾಗವನ್ನು ಅವು ಜಗಲಿಯಿಂದ ಅಂಗಳದವರೆಗೆ ಎಳೆದುಕೊಂಡು ಹೋಗಿವೆ. ಕಡ್ಡಿ ಪೂರ್ತಿ ಹೊರಬಂದಿದೆ, ಎರಡು ಕಡೆ ಕುಣಿಕೆ ಜಾರಿ ಏಳೆಂಟು ಸಾಲು ಕೆಳಗಿಳಿದಿದೆ, ಒಂದು ಕಡೆ ದಾರವೇ ತುಂಡಾಗಿದೆ. ಎಲ್ಲವನ್ನೂ ಬಿಚ್ಚಿ ಮತ್ತೆ ಶುರುಮಾಡಬೇಕೇ?

ಉತ್ತರ: ಬಿಚ್ಚುವ ಅಗತ್ಯವಿಲ್ಲ. ಆದರೆ ಕಡ್ಡಿಯನ್ನು ಕೈಗೆತ್ತಿಕೊಳ್ಳುವ ಮೊದಲು ದಾರ ತುಂಡಾದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಕಡಿದ ಎರಡೂ ತುದಿಗಳನ್ನು ಅವು ಮೊದಲಿದ್ದ ದಾರಿಯಲ್ಲೇ ಹಾಯಿಸಿದಾಗ ಒಂದಕ್ಕೊಂದು ಮುಟ್ಟಿದರೆ ಚಿಂತೆಯಿಲ್ಲ, ದಾರ ಕಡಿದಿದೆ ಅಷ್ಟೆ. ನಡುವೆ ಅಂತರ ಉಳಿದರೆ ಒಂದು ತುಂಡು ಕಾಣೆಯಾಗಿದೆ ಎಂದರ್ಥ. ಅದನ್ನು ಜಗಲಿಯಲ್ಲಿ, ಅಂಗಳದಲ್ಲಿ, ಮರಿಗಳು ಮಲಗುವ ಜಾಗದಲ್ಲಿ ಹುಡುಕಿ. ಸಿಗದೇ ಹೋದರೆ ಮರಿಗಳಲ್ಲೊಂದು ಅದನ್ನು ನುಂಗಿದೆ ಎಂದೇ ತಿಳಿದು ಅಂದೇ ಪಶುವೈದ್ಯರನ್ನು ಕೇಳಬೇಕು. ಕಾರಣವನ್ನು ಕಾರವಾರದ ಪತ್ರಕ್ಕೆ ಬರೆದ ಉತ್ತರದಲ್ಲಿ ವಿವರಿಸಿದ್ದೇವೆ. ಸ್ವೆಟರನ್ನು ವಾರ ಬಿಟ್ಟು ಸರಿಪಡಿಸಿದರೂ ಅದಕ್ಕೇನೂ ಆಗುವುದಿಲ್ಲ.

ಇನ್ನು ಹೆಣಿಗೆಯ ವಿಚಾರ. ಜಾರಿದ ಕುಣಿಕೆಗಳನ್ನು ಕಂಡ ಕೂಡಲೇ ಹೆಚ್ಚಿನವರು ಬಟ್ಟೆಯನ್ನು ಎತ್ತಿ ಹಿಡಿದು ಎಳೆದು ನೋಡುತ್ತಾರೆ, ಆ ಎಳೆತಕ್ಕೇ ಇನ್ನೆರಡು ಸಾಲು ಬಿಚ್ಚಿಕೊಳ್ಳುತ್ತದೆ. ಹಗಲು ಬೆಳಕಿನಲ್ಲಿ ಮೇಜಿನ ಮೇಲೆ ಅದನ್ನು ಎಳೆಯದೆ ಹರಡಿ, ಕೆಳಗೆ ಇಳಿದ ಎರಡೂ ಕುಣಿಕೆಗಳಿಗೆ ಮೊದಲು ಒಂದೊಂದು ಸೇಫ್ಟಿ ಪಿನ್ ಹಾಕಿ ನಿಲ್ಲಿಸಿ. ಆಮೇಲೆ ಮೊಂಡು ತುದಿಯ ಸೂಜಿಗೆ ಬೇರೆ ಬಣ್ಣದ ತೆಳುವಾದ ಹತ್ತಿ ನೂಲನ್ನು ಪೋಣಿಸಿ, ಮೇಲಿನ ಸಾಲಿನ ಬಾಯ್ದೆರೆದ ಕುಣಿಕೆಗಳೆಲ್ಲದರ ಮೂಲಕ ಹಾಯಿಸಿ. ಅಷ್ಟಾದರೆ ಮುಂದೆ ಜಾರುವ ಭಯವಿಲ್ಲ. ನಿಮ್ಮದು ಅಕ್ರಿಲಿಕ್ ಉಲ್ಲನ್ ಆಗಿದ್ದರೆ ಈ ಕೆಲಸ ಬೇಗ ಆಗಬೇಕು, ಏಕೆಂದರೆ ಅದರ ಎಳೆ ನುಣುಪು. ನಿಜವಾದ ಕುರಿಯುಣ್ಣೆಯ ಎಳೆಗಳು ಒಂದಕ್ಕೊಂದು ಹಿಡಿದುಕೊಳ್ಳುವುದರಿಂದ ನಿಧಾನವಾಗಿ ಜಾರುತ್ತವೆ.

ಏಣಿಯಂತೆ ಇಳಿದ ಜಾಗವನ್ನು ಮೇಲೆ ತರುವುದಕ್ಕೆ ಕ್ರೋಶಾ ಕಡ್ಡಿ ಬೇಕು. ಸೀದಾ ಮಗ್ಗುಲನ್ನು ನಿಮ್ಮ ಕಡೆಗೆ ಇಟ್ಟುಕೊಂಡು, ಕೆಳಗಿನ ಕುಣಿಕೆಯೊಳಗೆ ಕ್ರೋಶಾ ಕಡ್ಡಿಯನ್ನು ಮುಂದಿನಿಂದ ಹಿಂದಕ್ಕೆ ತೂರಿಸಿ, ಅದರ ಮೇಲೆ ಅಡ್ಡಲಾಗಿ ನಿಂತಿರುವ ಮೊದಲ ಎಳೆಯನ್ನು ಕೊಕ್ಕೆಗೆ ಸಿಕ್ಕಿಸಿ ಕುಣಿಕೆಯೊಳಗಿಂದ ಮುಂದಕ್ಕೆ ಎಳೆಯಿರಿ. ಒಂದು ಸಾಲು ಮೇಲೆ ಬಂತು. ಅಡ್ಡ ಎಳೆಗಳನ್ನು ಕೆಳಗಿನಿಂದ ಮೇಲಕ್ಕೆ ಒಂದನ್ನೂ ಬಿಡದೆ ಹೀಗೆಯೇ ಹಿಡಿಯುತ್ತ ಹೋಗಬೇಕು. ನಡುವೆ ಒಂದು ಎಳೆ ತಪ್ಪಿದರೆ ಹಿಂಬದಿಯಲ್ಲಿ ಅದು ಸಡಿಲವಾಗಿ ಜೋತುಬೀಳುತ್ತದೆ, ಮಗುವಿನ ಬೆರಳು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಉಲ್ಟಾ ಹೆಣಿಗೆ ಬಂದ ಕಡೆ ಬಟ್ಟೆಯನ್ನು ತಿರುವಿಹಾಕಿ ಇದೇ ರೀತಿ ಮಾಡಿದರಾಯಿತು. ಮೇಲೆ ಬಂದ ಕುಣಿಕೆಯನ್ನು ಕಡ್ಡಿಗೆ ಹಾಕುವಾಗ ಅದರ ಬಲಗಡೆಯ ಎಳೆ ಕಡ್ಡಿಯ ಮುಂದೆಯೂ ಎಡಗಡೆಯದು ಹಿಂದೆಯೂ ಇರುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಮುಂದಿನ ಸಾಲಿನಲ್ಲಿ ಅದು ತಿರುಚಿಕೊಳ್ಳುತ್ತದೆ. ಸರಿಪಡಿಸಿದ ಗೆರೆ ಮೊದಮೊದಲು ಬಿಗಿಯಾಗಿ, ಅಕ್ಕಪಕ್ಕದ್ದು ಸಡಿಲವಾಗಿ ಕಾಣುವುದು ಸಹಜ. ಜಾರುವಾಗ ದಾರವು ಪಕ್ಕದ ಕುಣಿಕೆಗಳಿಗೆ ಹರಿದುಹೋಗಿರುತ್ತದೆ. ಮೊಂಡು ಸೂಜಿಯಿಂದ ಅದನ್ನು ಸ್ವಲ್ಪಸ್ವಲ್ಪವೇ ಹಿಂದಕ್ಕೆ ಹಂಚಿ, ಒಂದು ಸಲ ಒಗೆದು ಒಣಗಿಸಿದರೆ ಗುರುತೂ ಉಳಿಯುವುದಿಲ್ಲ.

ತುಂಡಾದ ಕಡೆ ಗಂಟು ಹಾಕಬೇಡಿ. ಮಗುವಿನ ಬೆನ್ನಿಗೆ ಗಂಟು ಒತ್ತುತ್ತದೆ, ನಾಲ್ಕು ಸಲ ಒಗೆದ ಮೇಲೆ ಬಿಚ್ಚಿಯೂ ಹೋಗುತ್ತದೆ. ಅದೇ ಬಣ್ಣದ ದಾರವನ್ನು ಸೂಜಿಗೆ ಪೋಣಿಸಿ, ಕಡಿದ ದಾರ ಹೋಗಿದ್ದ ಹಾದಿಯಲ್ಲೇ, ಎರಡೂ ಕಡೆ ಮೂರು ನಾಲ್ಕು ಗಟ್ಟಿ ಕುಣಿಕೆಗಳನ್ನು ಒಳಗೊಂಡು ಹಾಯಿಸಿ. ಹದಿನೈದು ಸೆಂಟಿಮೀಟರಿನಷ್ಟು ಬಾಲ ಬಿಟ್ಟು ಹಿಂಬದಿಯಲ್ಲಿ ಸೇರಿಸಿಬಿಡಿ. ಇಷ್ಟು ಕೆಲಸಕ್ಕೆ ಒಂದು ಮಧ್ಯಾಹ್ನ ಸಾಕು.

ಪ್ರಶ್ನೆ: ಯಲ್ಲಾಪುರದ ನಮ್ಮ ಮನೆಗೆ ಗಂಡು ಮರಿಯೊಂದನ್ನು ತಂದಾಗಿನಿಂದ ಹಳೆಯ ಬೆಕ್ಕು ಅಡುಗೆಮನೆಗೆ ಬರುವುದನ್ನೇ ಬಿಟ್ಟಿದೆ. ಮರಿಯನ್ನು ಕಂಡರೆ ಬುಸುಗುಡುತ್ತದೆ. ಮನೆಯವರು ಎರಡನ್ನೂ ಒಂದು ಕೋಣೆಯಲ್ಲಿ ಹಾಕಿ ಬಾಗಿಲು ಹಾಕಿದರೆ ತಾವೇ ಹೊಂದಿಕೊಳ್ಳುತ್ತವೆ ಎನ್ನುತ್ತಾರೆ. ಈಗ ಹಳೆಯ ಬೆಕ್ಕು ನನ್ನ ಉಲ್ಲನ್ ಬುಟ್ಟಿಯಲ್ಲಿ ಮೂತ್ರ ಮಾಡತೊಡಗಿದೆ.

ಉತ್ತರ: ಎರಡನ್ನೂ ಒಂದೇ ಕೋಣೆಗೆ ಹಾಕಿ ಬಾಗಿಲು ಮುಚ್ಚುವುದನ್ನು ದಯವಿಟ್ಟು ಮಾಡಬೇಡಿ. ಬೆಕ್ಕು ತನ್ನ ಜಾಗವನ್ನು ವಾಸನೆಯಿಂದ ಗುರುತಿಟ್ಟುಕೊಂಡು ಬದುಕುವ ಪ್ರಾಣಿ. ಅಪರಿಚಿತ ವಾಸನೆಯ ಇನ್ನೊಂದು ಬೆಕ್ಕು ಒಮ್ಮೆಗೇ ಎದುರು ನಿಂತು, ಓಡಿಹೋಗಲು ದಾರಿಯೂ ಇಲ್ಲವೆಂದಾದರೆ ಅದು ಕಾದಾಡುವುದೊಂದೇ ಉಳಿಯುತ್ತದೆ. ಮೊದಲ ದಿನ ಹಾಗೆ ಹುಟ್ಟಿದ ಹೆದರಿಕೆಯನ್ನು ಅಳಿಸಲು ತಿಂಗಳುಗಳು ಹಿಡಿಯುತ್ತವೆ. ಬುಸುಗುಡುವುದು ದ್ವೇಷವಲ್ಲ, ದೂರ ಇರು ಎಂಬ ಎಚ್ಚರಿಕೆ. ಅದಕ್ಕಾಗಿ ಬೆಕ್ಕನ್ನು ಗದರಬಾರದು, ಹೊಡೆಯಲಂತೂ ಬಾರದು.

ಈಗಲೂ ಕಾಲ ಮಿಂಚಿಲ್ಲ, ಮೊದಲಿನಿಂದ ಶುರುಮಾಡಿ. ಮರಿಗೆ ಬೇರೆ ಕೋಣೆ ಕೊಡಿ. ನಮ್ಮ ಕಡೆಯ ಹಂಚಿನ ಮನೆಗಳಲ್ಲಿ ಎಷ್ಟೋ ಕೋಣೆಗಳ ಗೋಡೆ ಮಾಡಿನವರೆಗೆ ಏರಿರುವುದಿಲ್ಲ. ಬಾಗಿಲು ಹಾಕಿದ್ದರೂ ಬೆಕ್ಕು ಗೋಡೆಯ ತಲೆಯ ಮೇಲಿಂದ ಆಚೆ ಇಳಿಯುತ್ತದೆ. ಆದ್ದರಿಂದ ಮರದ ಮುಚ್ಚಿಗೆ ಇರುವ ಕೋಣೆಯನ್ನೇ ಆರಿಸಿ. ಅದರಲ್ಲಿ ನೀರು, ಆಹಾರ, ಅಡಗಿಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆ, ಮರಳು ಅಥವಾ ಮರದ ಹೊಟ್ಟು ತುಂಬಿದ ಅಗಲವಾದ ತಟ್ಟೆ ಇರಲಿ. ಮರಳಿನ ತಟ್ಟೆಗಳು ಮನೆಯಲ್ಲಿ ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಬೇಕು, ನಿಮಗೆ ಮೂರು. ಮರಿಯನ್ನು ವೈದ್ಯರಿಗೆ ತೋರಿಸಿ, ಪ್ಯಾನ್‌ಲ್ಯುಕೋಪೀನಿಯಾ ಮೊದಲಾದ ರೋಗಗಳ ಲಸಿಕೆ ಮತ್ತು ರೇಬಿಸ್ ಲಸಿಕೆ ಹಾಕಿಸಲು ಇದೇ ಸಮಯ. ಹೊರಗಿನಿಂದ ತಂದ ರೋಗ ಹಳೆಯ ಬೆಕ್ಕಿಗೆ ಅಂಟದಿರಲಿಕ್ಕೂ ಎರಡು ವಾರ ಬೇರೆ ಇಡುವುದು ಒಳ್ಳೆಯದು.

ಈ ಅವಧಿಯಲ್ಲಿ ಹಳೆಯ ಪಂಚೆಯ ತುಂಡೊಂದರಿಂದ ಮರಿಯ ಕೆನ್ನೆಯನ್ನು ಒರೆಸಿ, ಅದನ್ನು ಹಳೆಯ ಬೆಕ್ಕು ಓಡಾಡುವಲ್ಲಿ ಇಡಿ. ಅದರ ಕೆನ್ನೆ ಒರೆಸಿದ ಬಟ್ಟೆಯನ್ನು ಮರಿಯ ಬಳಿ ಇಡಿ. ಇದಕ್ಕೆ ಹೆಣೆದ ಬಟ್ಟೆ ಬೇಡ, ಉಗುರು ಸಿಕ್ಕಿ ಎಳೆ ಹೊರಬರುತ್ತದೆ. ಮುಚ್ಚಿದ ಬಾಗಿಲಿನ ಆಚೆ ಈಚೆ ಎರಡಕ್ಕೂ ಒಂದೇ ಹೊತ್ತಿಗೆ ಊಟ ಕೊಡಿ. ಮೊದಲ ದಿನಗಳಲ್ಲಿ ಬಾಗಿಲಿನಿಂದ ದೂರದಲ್ಲಿ ಕೊಟ್ಟು, ಎರಡೂ ನಿರಾಳವಾಗಿ ತಿನ್ನುವುದನ್ನು ಕಂಡ ಮೇಲೆ ತಟ್ಟೆಗಳನ್ನು ಹತ್ತಿರ ತನ್ನಿ. ಅದಾದ ಬಳಿಕ ಬಾಗಿಲಿಗೆ ಜಾಳಿಗೆ ಅಡ್ಡ ಇಟ್ಟು ಒಂದನ್ನೊಂದು ನೋಡಲು ಬಿಡಿ. ಕಿವಿ ಹಿಂದಕ್ಕೆ ಚಪ್ಪಟೆಯಾಗಿ, ಬಾಲ ಉಬ್ಬಿ, ಎವೆಯಿಕ್ಕದೆ ದಿಟ್ಟಿಸುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ ಒಂದು ಹೆಜ್ಜೆ ಹಿಂದೆ ಹೋಗಿ. ಕೆಲವು ಮನೆಗಳಲ್ಲಿ ವಾರದೊಳಗೆ ಆಗುವ ಈ ಕೆಲಸಕ್ಕೆ ಇನ್ನು ಕೆಲವು ಕಡೆ ತಿಂಗಳುಗಳೇ ಬೇಕಾಗುತ್ತವೆ. ಅಕಸ್ಮಾತ್ ಕಚ್ಚಾಡಿದರೆ ನಡುವೆ ಕೈ ಹಾಕಬೇಡಿ, ದಪ್ಪ ಕಂಬಳಿಯನ್ನು ಅಡ್ಡ ಬೀಸಿ ಬೇರ್ಪಡಿಸಿ. ನಿಮಗೆ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು.

ಊಟದ ವಿಷಯದಲ್ಲಿ ಒಂದು ಮಾತು. ಹಾಲನ್ನದಲ್ಲೇ ಬೆಕ್ಕು ಬೆಳೆಯುತ್ತದೆಂದು ನಮ್ಮ ಸಸ್ಯಾಹಾರಿ ಮನೆಗಳಲ್ಲಿ ನಂಬಿಕೆಯಿದೆ. ಆ ಬೆಕ್ಕುಗಳು ನಿಜವಾಗಿ ಬೆಳೆಯುವುದು ಹಿತ್ತಿಲಲ್ಲಿ ಹಿಡಿದ ಇಲಿ ಹಲ್ಲಿಗಳಿಂದ. ಬೆಕ್ಕಿಗೆ ಅವಶ್ಯವಾದ ಟಾರಿನ್ ಎಂಬ ಅಂಶ ಮಾಂಸದಲ್ಲಿದೆ, ಅನ್ನದಲ್ಲಿಲ್ಲ. ಅದರ ಕೊರತೆಯಿಂದ ಕಣ್ಣೂ ಹೃದಯವೂ ಕೆಡುತ್ತವೆ. ಕೋಣೆಯಲ್ಲಿಟ್ಟ ಮರಿಗೆ ಬೇಟೆಯಿಲ್ಲ, ಆದ್ದರಿಂದ ಅಷ್ಟು ದಿನವಾದರೂ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರವನ್ನು ಕೊಡಿ. ಹಳೆಯ ಬೆಕ್ಕು ಅಡುಗೆಮನೆಗೆ ಬರದಿದ್ದರೆ ಅದು ಇರುವಲ್ಲಿಗೇ ತಟ್ಟೆ ಒಯ್ಯಿರಿ. ಎರಡು ದಿನ ಏನನ್ನೂ ತಿನ್ನದೆ ಉಳಿದ ಬೆಕ್ಕಿನ ಯಕೃತ್ತಿಗೆ ಅಪಾಯವಿದೆ.

ಬುಟ್ಟಿಯಲ್ಲಿ ಮೂತ್ರ ಮಾಡಿದ್ದು ನಿಮ್ಮ ಮೇಲಿನ ಸಿಟ್ಟಿನಿಂದಲ್ಲ. ನಿಮ್ಮ ವಾಸನೆ ದಟ್ಟವಾಗಿರುವ ಮೆತ್ತಗಿನ ಜಾಗವನ್ನು ಹೆದರಿದ ಬೆಕ್ಕು ತನ್ನದಾಗಿಸಿಕೊಳ್ಳಲು ನೋಡುತ್ತಿದೆ. ಆದರೆ ಅದು ಪದೇ ಪದೇ ಕುಳಿತು ತಿಣುಕುತ್ತಿದ್ದು ಹನಿಯೂ ಬರುತ್ತಿಲ್ಲವಾದರೆ, ಅದರಲ್ಲೂ ಗಂಡಾಗಿದ್ದರೆ, ಮೂತ್ರನಾಳ ಕಟ್ಟಿರಬಹುದು, ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು. ಉಲ್ಲನ್ನನ್ನು ಲಡಿ ಮಾಡಿ ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ತಣ್ಣೀರಿನಲ್ಲಿ ಜಾಲಿಸಿ, ಉಣ್ಣೆಗೆಂದೇ ಇರುವ ಸೌಮ್ಯ ಸಾಬೂನಿನಲ್ಲಿ ನೆನೆಸಿ, ಕೊನೆಯ ನೀರಿಗೆ ಸ್ವಲ್ಪ ವಿನೆಗರ್ ಬೆರೆಸಿ ತೆಗೆದರೆ ವಾಸನೆ ಹೋಗುತ್ತದೆ. ಬ್ಲೀಚ್ ಕುರಿಯುಣ್ಣೆಯನ್ನು ಕರಗಿಸಿಯೇ ಬಿಡುತ್ತದೆ. ನೆಲಕ್ಕೆ ಫಿನಾಯಿಲ್ ಕೂಡ ಬೇಡ. ಅದನ್ನು ಮೆಟ್ಟಿದ ಬೆಕ್ಕು ಪಾದ ನೆಕ್ಕಿಕೊಳ್ಳುತ್ತದೆ, ಅಂಥ ರಾಸಾಯನಿಕಗಳನ್ನು ಅರಗಿಸಿಕೊಳ್ಳುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಗಂಡು ಮರಿಗೆ ಐದಾರು ತಿಂಗಳಾಗುತ್ತಿದ್ದಂತೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಅದೂ ಗುರುತು ಹಾಕುವ ಅಭ್ಯಾಸಕ್ಕೆ ಬೀಳುವುದು ಬಹುಮಟ್ಟಿಗೆ ತಪ್ಪುತ್ತದೆ.

ಪ್ರಶ್ನೆ: ಕಾರವಾರದ ಬೈತಖೋಲದಲ್ಲಿ ನಮ್ಮ ಮನೆ. ಮಾವನವರು ಬಲೆ ರಿಪೇರಿ ಮಾಡುತ್ತಾರೆ, ನಾನು ಬಿಡುವಿನಲ್ಲಿ ಹೆಣೆಯುತ್ತೇನೆ. ಮನೆಗೆ ಬಂದು ಸೇರಿಕೊಂಡ ಹೊಸ ಬೆಕ್ಕಿನ ಹಿಂಬದಿಯಿಂದ ಮೊನ್ನೆ ಉಲ್ಲನ್ ಎಳೆಯೊಂದು ಹೊರಗೆ ತೋರಿತು. ಎಳೆದು ತೆಗೆ ಎಂದು ಅತ್ತೆಯವರು ಹೇಳಿದರು, ನನಗೆ ಧೈರ್ಯವಾಗಲಿಲ್ಲ. ಅದು ತಾನಾಗಿ ಬಿದ್ದುಹೋಯಿತು. ಮತ್ತೊಮ್ಮೆ ಹೀಗಾದರೆ ಏನು ಮಾಡಲಿ?

ಉತ್ತರ: ನೀವು ಎಳೆಯದೆ ಬಿಟ್ಟದ್ದು ಬೆಕ್ಕಿನ ಜೀವ ಉಳಿಸಿರಬಹುದು. ಈ ಪತ್ರಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇವೆ.

ಬೆಕ್ಕಿನ ನಾಲಿಗೆಯ ಮೇಲೆ ಗಂಟಲಿನ ಕಡೆಗೆ ಬಾಗಿದ ಸಣ್ಣ ಮುಳ್ಳುಗಳಿವೆ. ಬಾಯಿಗೆ ಸಿಕ್ಕಿದ ದಾರವನ್ನು ಅದು ಉಗುಳಲು ಯತ್ನಿಸಿದಷ್ಟೂ ಆ ಮುಳ್ಳುಗಳು ದಾರವನ್ನು ಒಳಕ್ಕೇ ಸಾಗಿಸುತ್ತವೆ. ಹಾಗೆ ಒಳಹೋದ ದಾರದ ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡೋ ಜಠರದ ಬಾಯಲ್ಲಿ ಸಿಕ್ಕಿಕೊಂಡೋ ನಿಂತುಬಿಟ್ಟರೆ, ಉಳಿದ ಉದ್ದ ಕರುಳಿನೊಳಗೆ ಇಳಿಯುತ್ತದೆ. ಕರುಳು ಅದನ್ನು ಮುಂದೆ ತಳ್ಳಲು ಹೋಗಿ, ದಾರ ಬಾರದೆ, ತಾನೇ ದಾರದ ಮೇಲೆ ನೆರಿಗೆ ನೆರಿಗೆಯಾಗಿ ಒಟ್ಟಿಕೊಳ್ಳುತ್ತದೆ. ಬಿಗಿದ ದಾರ ಆ ನೆರಿಗೆಗಳ ಒಳಗೋಡೆಯನ್ನು ಕೊಯ್ಯುತ್ತದೆ. ಹೊರಗೆ ಕಾಣುವ ತುದಿಯನ್ನು ನಾವು ಎಳೆದರೆ ಕೊಯ್ಯುವ ಆ ಕೆಲಸವನ್ನು ನಾವೇ ಮಾಡಿದಂತಾಗುತ್ತದೆ. ಆದ್ದರಿಂದ ಬಾಯಲ್ಲಿ ಕಂಡ ದಾರವನ್ನಾಗಲಿ ಹಿಂಬದಿಯಲ್ಲಿ ಕಂಡದ್ದನ್ನಾಗಲಿ ಎಂದೂ ಎಳೆಯಬಾರದು. ಹಿಂಬದಿಯ ದಾರ ನೆಲಕ್ಕೆ ತಾಗಿ ಕಾಲಿಗೆ ಸಿಕ್ಕುವಷ್ಟು ಉದ್ದವಿದ್ದರೆ ಸ್ವಲ್ಪ ಬಿಟ್ಟು ಕತ್ತರಿಸಬಹುದು, ಬಾಯಲ್ಲಿರುವುದನ್ನು ಕತ್ತರಿಸಲೂ ಬೇಡ. ಹರಳೆಣ್ಣೆ ಕುಡಿಸುವುದು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಎರಡೂ ಕೂಡದು.

ನುಂಗಿದ ಸಂಶಯ ಬಂದ ಮೇಲೆ ವಾಂತಿ, ಊಟ ಬಿಡುವುದು, ಮೂಲೆಯಲ್ಲಿ ಮುದುಡಿ ಕೂರುವುದು, ಹೊಟ್ಟೆ ಮುಟ್ಟಿದರೆ ನರಳುವುದು, ಇವುಗಳಲ್ಲಿ ಒಂದು ಕಂಡರೂ ಮರುದಿನಕ್ಕೆ ಕಾಯಬಾರದು. ತಾಲೂಕಿನ ಪಶು ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಬೆಕ್ಕಿಗೆ ಎಕ್ಸ್‌ರೇ ಮತ್ತು ಹೊಟ್ಟೆಯ ಶಸ್ತ್ರಚಿಕಿತ್ಸೆ ಎಲ್ಲಿ ಸಾಧ್ಯ ಎಂಬುದನ್ನು ಅಲ್ಲಿಯೇ ಕೇಳಿ. ಕಾರವಾರದವರು ಗೋವಾದ ಮಡಗಾಂವ್ ಕಡೆಗೆ, ಶಿರಸಿ ಯಲ್ಲಾಪುರದವರು ಹುಬ್ಬಳ್ಳಿ ಧಾರವಾಡಕ್ಕೆ ಹೋಗಬೇಕಾದೀತು. ಮಳೆಗಾಲದಲ್ಲಿ ಘಟ್ಟದ ದಾರಿ ಕೈಕೊಡುವುದುಂಟು, ಹಾಗಾಗಿ ಫೋನ್ ನಂಬರು ವಿಚಾರಿಸಿ ಮೊದಲೇ ಬರೆದಿಟ್ಟುಕೊಳ್ಳುವುದು ಜಾಣತನ. ದಾರ ಪೋಣಿಸಿದ ಸೂಜಿಯನ್ನು ನುಂಗಿದ್ದರಂತೂ ಲಕ್ಷಣಗಳಿಗೂ ಕಾಯುವಂತಿಲ್ಲ.

ನಿಮ್ಮ ಮನೆಯಲ್ಲಿ ಇನ್ನೊಂದು ಎಚ್ಚರ ಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವಾಗ ಬಲೆಗಳೆಲ್ಲ ದಡಕ್ಕೂ ಮನೆಗೂ ಬರುತ್ತವೆ. ಮೀನಿನ ವಾಸನೆ ಹಿಡಿದ ನೈಲಾನ್ ದಾರದ ತುಂಡು ಬೆಕ್ಕಿಗೆ ಉಲ್ಲನ್ನಿಗಿಂತಲೂ ರುಚಿ, ಅದು ಉಲ್ಲನ್ನಿಗಿಂತ ಹರಿತವೂ ಹೌದು. ಕತ್ತರಿಸಿದ ತುಂಡುಗಳನ್ನು ಹಾಕಲು ಮಾವನವರ ಪಕ್ಕದಲ್ಲೇ ಮುಚ್ಚಳದ ಡಬ್ಬಿಯೊಂದನ್ನು ಇಡಿ. ಹೆಣಿಗೆಯನ್ನೂ ಹಾಗೆಯೇ ಬಿಟ್ಟು ಏಳಬೇಡಿ. ಬಲೆಯ ಪ್ರತಿ ಕಣ್ಣಿಗೂ ಗಂಟಿರುವುದರಿಂದ ಒಂದು ಕಣ್ಣು ಹರಿದರೆ ಪಕ್ಕದ್ದು ನಿಲ್ಲುತ್ತದೆ. ಸ್ವೆಟರ್ ಹಾಗಲ್ಲ, ಒಂದೇ ದಾರದ ಕುಣಿಕೆಯೊಳಗೆ ಕುಣಿಕೆ ಕೂತು ಆದದ್ದು, ಬೆಕ್ಕು ಒಂದು ತುದಿ ಹಿಡಿದು ಓಡಿತೆಂದರೆ ಮಾರುಗಟ್ಟಲೆ ದಾರ ಅದರ ಬಾಯಿಗೆ ಸಿಗುತ್ತದೆ.

ಪ್ರಶ್ನೆ: ಕುರಿಯುಣ್ಣೆಯ ಶಾಲನ್ನು ಬೆಕ್ಕಿನ ಕೂದಲು ಹೋಗಲೆಂದು ಬಿಸಿನೀರಿನಲ್ಲಿ ವಾಷಿಂಗ್ ಮಷಿನ್‌ಗೆ ಹಾಕಿದೆ. ಅರ್ಧಕ್ಕರ್ಧ ಕುಗ್ಗಿ ಕಂಬಳಿಯ ಹಾಗಾಗಿದೆ. ಮೊದಲಿನಂತಾಗಲು ಉಪಾಯವಿದೆಯೇ? (ಕುಮಟಾ)

ಉತ್ತರ: ಇಲ್ಲ. ಉಣ್ಣೆಯ ಎಳೆಯ ಮೇಲೆ ಸಣ್ಣ ಪೊರೆಗಳಿರುತ್ತವೆ. ಬಿಸಿನೀರು, ಸಾಬೂನು, ತಿಕ್ಕಾಟ ಮೂರೂ ಸೇರಿದಾಗ ಅವು ಒಂದಕ್ಕೊಂದು ಕಚ್ಚಿಕೊಂಡು ಮತ್ತೆ ಬಿಡುವುದಿಲ್ಲ. ಸ್ವಲ್ಪವೇ ಕುಗ್ಗಿದ್ದರೆ ಕೂದಲಿಗೆ ಹಚ್ಚುವ ಕಂಡೀಷನರ್ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಕೈಯಿಂದ ಮೆಲ್ಲಗೆ ಎಳೆದು ಹರಡಿ ಒಣಗಿಸಬಹುದಿತ್ತು. ಅರ್ಧಕ್ಕರ್ಧ ಆದ ಮೇಲೆ ಆಗದು. ಆದರೆ ಹೀಗೆ ಕಂಬಳಿಯಾದ ಬಟ್ಟೆಯನ್ನು ಕತ್ತರಿಸಿದರೂ ಎಳೆ ಬಿಚ್ಚಿಕೊಳ್ಳುವುದಿಲ್ಲ, ಆದ್ದರಿಂದ ಬೆಕ್ಕಿನ ಹಾಸಿಗೆಗೆ ಮನೆಯಲ್ಲಿರುವ ಹೆಣಿಗೆಯಲ್ಲೆಲ್ಲ ಅದೇ ಹೆಚ್ಚು ಸುರಕ್ಷಿತ. ಕೂದಲು ತೆಗೆಯುವುದಕ್ಕೆ ಒಗೆತ ಬೇಕಾಗಿಯೇ ಇಲ್ಲ. ಒಣಗಿದ ಶಾಲಿನ ಮೇಲೆ ಒದ್ದೆ ಮಾಡಿದ ರಬ್ಬರ್ ಕೈಗವಸನ್ನು ಒಂದೇ ದಿಕ್ಕಿಗೆ ಸವರಿದರೆ ಉಂಡೆಯಾಗಿ ಬರುತ್ತದೆ.

ಪ್ರಶ್ನೆ: ಹೊನ್ನಾವರದ ಮಳೆಗಾಲದಲ್ಲಿ ಉಲ್ಲನ್ನಿಗೆ ಮುಗ್ಗಲು ವಾಸನೆ ಬರುತ್ತದೆ, ಹುಳವೂ ಹಿಡಿಯುತ್ತದೆ. ಕಪಾಟಿನಲ್ಲಿ ನುಸಿಗುಳಿಗೆ ಇಡುತ್ತಿದ್ದೆ. ಈಗ ಬೆಕ್ಕುಗಳು ಕಪಾಟಿನಲ್ಲೇ ಮಲಗುತ್ತವೆ. ತೊಂದರೆಯಿದೆಯೇ?

ಉತ್ತರ: ದೊಡ್ಡ ತೊಂದರೆಯಿದೆ. ಇಂದೇ ತೆಗೆದುಬಿಡಿ. ನುಸಿಗುಳಿಗೆಯ ನ್ಯಾಫ್ತಲೀನ್ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಒಂದು ಗುಳಿಗೆ ನುಂಗಿದರೂ ಜೀವಕ್ಕೆ ಅಪಾಯ, ಮುಚ್ಚಿದ ಕಪಾಟಿನಲ್ಲಿ ಅದರ ಆವಿಯೂ ಒಳ್ಳೆಯದಲ್ಲ. ಕರ್ಪೂರವೂ ನೀಲಗಿರಿ ಎಣ್ಣೆಯೂ ಅದರ ಬದಲಿಗೆ ಆಗಲಾರವು, ಅವೂ ಬೆಕ್ಕಿಗೆ ವಿಷವೇ.

ನುಸಿಯ ಮರಿಹುಳ ತಿನ್ನುವುದು ಕುರಿಯುಣ್ಣೆ, ರೇಷ್ಮೆಗಳಂಥ ಪ್ರಾಣಿಜನ್ಯ ಎಳೆಗಳನ್ನು. ಬೆವರು, ಎಣ್ಣೆಯ ಜಿಡ್ಡು ಇದ್ದಲ್ಲಿ ಅದು ಮೊದಲು ಸೇರುತ್ತದೆ. ಶುದ್ಧ ಅಕ್ರಿಲಿಕ್ಕಿಗೆ ಅದರ ಭಯವಿಲ್ಲ. ಆದ್ದರಿಂದ ಮಳೆಗಾಲಕ್ಕೆ ಮೊದಲು, ಮೇ ತಿಂಗಳ ಬಿಸಿಲಿರುವಾಗಲೇ, ಕುರಿಯುಣ್ಣೆಯನ್ನೆಲ್ಲ ಒಗೆದು, ಪೂರ್ತಿ ಒಣಗಿಸಿ, ಕೊಡವಿ, ಗಾಳಿಯಾಡದ ಮುಚ್ಚಳದ ಡಬ್ಬಿಗೆ ಹಾಕಿ. ಸ್ವಲ್ಪ ತೇವ ಉಳಿದರೂ ಡಬ್ಬಿಯೊಳಗೇ ಬೂಷ್ಟು ಬೆಳೆಯುವುದರಿಂದ ಅವಸರ ಮಾಡಬಾರದು. ಪರಿಮಳಕ್ಕೆ ಒಣ ಲಾವಂಚದ ಬೇರನ್ನು ಬಟ್ಟೆಯಲ್ಲಿ ಕಟ್ಟಿ ಇಡಿ, ಆದರೆ ಹುಳವನ್ನು ತಡೆಯುವುದು ಬೇರಲ್ಲ, ಬಿಗಿಯಾದ ಮುಚ್ಚಳ. ಈಗಾಗಲೇ ಹುಳ ಬಿದ್ದಿದ್ದರೆ ಉಂಡೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕೆಲವು ದಿನ ಫ್ರೀಜರಿನಲ್ಲಿಟ್ಟು ತೆಗೆಯಿರಿ. ಕರಾವಳಿಯ ಉಪ್ಪುಗಾಳಿಗೆ ಕಬ್ಬಿಣದ ಕಡ್ಡಿಗಳು ತುಕ್ಕು ಹಿಡಿದು ಬಿಳಿ ಉಲ್ಲನ್ನಿಗೆ ಕಲೆ ಮಾಡುತ್ತವೆ, ಬಿದಿರಿನವು ಮೇಲು.

ಪ್ರಶ್ನೆ: ಅಂಕೋಲಾದಿಂದ ಬರೆಯುತ್ತಿದ್ದೇನೆ. ತಾಯಿಯಿಲ್ಲದ ಮರಿಯೊಂದನ್ನು ಸಾಕುತ್ತಿದ್ದೇವೆ. ನನ್ನ ಮಡಿಲಿನಲ್ಲಿ ಕೂತು ಹೆಣಿಗೆಯನ್ನು ಮುಂಗಾಲಿನಿಂದ ಮೆಟ್ಟುತ್ತ ಚೀಪುತ್ತದೆ. ಬಿಡಿಸಬೇಕೇ? ಆಡಲು ಉಲ್ಲನ್ ಉಂಡೆ ಕೊಟ್ಟರೆ ತಪ್ಪೇ?

ಉತ್ತರ: ಬೇಗ ತಾಯಿಯನ್ನು ಬಿಟ್ಟ ಮರಿಗಳಲ್ಲಿ ಈ ಚೀಪುವ ಅಭ್ಯಾಸ ಹೆಚ್ಚು, ಮೊಲೆಹಾಲು ಕುಡಿಯುವಾಗಿನ ನಡವಳಿಕೆಯೇ ಮುಂದುವರಿದಿರುತ್ತದೆ. ಚೀಪುವಷ್ಟೇ ಆದರೆ ಗದರದೆ, ಹೆಣಿಗೆಯನ್ನು ಸರಿಸಿ ದಪ್ಪ ಹತ್ತಿಬಟ್ಟೆಯನ್ನು ಅದರ ಮುಂದೆ ಇಡಿ. ದವಡೆಹಲ್ಲಿನಿಂದ ಕಚ್ಚಿ ತುಂಡರಿಸಿ ನುಂಗತೊಡಗಿದರೆ ಮಾತ್ರ ವೈದ್ಯರ ಸಲಹೆ ಬೇಕು. ಉಂಡೆಯನ್ನು ಆಟಕ್ಕೆ ಕೊಡಲೇಬೇಡಿ, ಚಿತ್ರಗಳಲ್ಲಿ ಎಷ್ಟೇ ಮುದ್ದಾಗಿ ಕಂಡರೂ ಸರಿ. ಮುದುಡಿದ ಕಾಗದದ ಉಂಡೆ, ನುಂಗಲಾಗದಷ್ಟು ದೊಡ್ಡ ಚೆಂಡು, ಒಣಗಿದ ಅಡಿಕೆ ಹಾಳೆಯ ತುಂಡು ಇವೆಲ್ಲ ಆದೀತು. ಕೋಲಿಗೆ ಕಟ್ಟಿದ ಗರಿಯನ್ನು ನೀವು ಹಿಡಿದು ಆಡಿಸಿ, ಆಟ ಮುಗಿದ ಮೇಲೆ ಎತ್ತಿಡಿ. ಹೆಣೆಯುವಾಗ ಉಂಡೆಯನ್ನು ಮುಚ್ಚಳಕ್ಕೆ ತೂತು ಕೊರೆದ ಡಬ್ಬಿಯೊಳಗಿಟ್ಟು ದಾರವನ್ನು ತೂತಿನಿಂದ ಹೊರಗೆ ತೆಗೆದುಕೊಳ್ಳಿ. ತೂತಿನ ಅಂಚನ್ನು ಮರಳು ಕಾಗದದಿಂದ ಉಜ್ಜಿ ನಯಮಾಡದಿದ್ದರೆ ದಾರ ಅಲ್ಲಿಯೇ ತರೆದುಹೋಗುತ್ತದೆ. ಮರಿಗೆ ಊಟ ಹಾಕಿ, ಆಡಿಸಿ, ಅದು ನಿದ್ದೆ ಹೋದ ಮೇಲೆ ಕಡ್ಡಿ ಹಿಡಿದರೆ ಒಂದು ತೋಳಿನ ಅರ್ಧದಷ್ಟಾದರೂ ನೆಮ್ಮದಿಯಿಂದ ಹೆಣೆಯಬಹುದು.